ದುರಗಮ್ಮನ ದಾರಿಗೆ ಕಾರ್ಖಾನೆಯ ಗೇಟು: ಹೊಸ ಗುಡಿ ಕಟ್ಟಿಸಿಕೊಟ್ಟರೆ ಸಹಿ ಹಾಕಬಹುದಾ?

ಪ್ರಶ್ನೆ: ಮೇಡಂ, ನಮ್ಮದು ಕೊಪ್ಪಳ ತಾಲ್ಲೂಕಿನ ಹಳ್ಳಿ. ಊರ ಪಕ್ಕದಲ್ಲೇ ಸ್ಪಾಂಜ್ ಐರನ್ ಕಾರ್ಖಾನೆ ಇದೆ. ಎರಡು ತಿಂಗಳ ಹಿಂದೆ ಅವರು ಕಾಂಪೌಂಡ್ ಮುಂದಕ್ಕೆ ತಂದು ಬಂಡಿ ದಾರಿಗೆ ಗೇಟು ಹಾಕಿದ್ದಾರೆ. ದುರಗಮ್ಮನ ಗುಡಿಗೆ, ಅದರಾಚೆಯ ಸ್ಮಶಾನಕ್ಕೆ ಹೋಗೋದು ಅದೇ ದಾರಿ. ಮೊಹರಂ ಕೊನೇ ದಿನ ಅಲಾಯಿ ದೇವರು ಹಳ್ಳಕ್ಕೆ ಹೋಗೋದೂ ಅದೇ ದಾರಿ. ಮೊನ್ನೆ ಹೆಣ ಹೊತ್ತು ಹೋದಾಗ ಸೆಕ್ಯುರಿಟಿಯವರು ತಡೆದು, ಹೊತ್ತವರ ಹೆಸರು, ಫೋನ್ ನಂಬರ್ ರಿಜಿಸ್ಟರ್‌ನಲ್ಲಿ ಬರೆಸಿಕೊಂಡರು. ಕರಿ ಧೂಳಿನ ಕಾಟ ಬೇರೆ, ರಾತ್ರಿ ಜಾಸ್ತಿ ಬರುತ್ತೆ. ಈಗ ಕಂಪನಿಯವರು ‘ಊರೊಳಗೆ ಹೊಸ ಗುಡಿ ಕಟ್ಟಿಸಿಕೊಡ್ತೀವಿ, ಐದು ಜನ ಹಿರಿಯರು ಸಹಿ ಮಾಡಿ’ ಅಂತಿದ್ದಾರೆ. ಹಳೇ ಗುಡಿ ಸಣ್ಣದು, ನಷ್ಟ ಏನು ಅಂತ ಊರಲ್ಲೇ ಕೆಲವರು ಕೇಳ್ತಿದ್ದಾರೆ. ಪತ್ರದ ಫೋಟೊ ಕಳಿಸಿದ್ದೇನೆ. ಊರಿನ ಹುಡುಗರು ಅಲ್ಲೇ ಕೆಲಸ ಮಾಡ್ತಾರೆ, ಕೆಲಸ ಹೋದೀತು ಅನ್ನೋ ಭಯ. ಏನು ಮಾಡೋಣ?

ಉತ್ತರ: ಸಹಿ ಮಾಡಬೇಡಿ. ಇದು ಮೊದಲ ಮಾತು. ಉಳಿದದ್ದನ್ನು ನಿಧಾನಕ್ಕೆ ಓದಿ, ಕಟ್ಟೆ ಮೇಲೆ ನಾಲ್ಕು ಜನರಿಗೂ ಓದಿ ಹೇಳಿ.

ನೀವು ಕಳಿಸಿದ ಪತ್ರವನ್ನು ಪೂರ್ತಿ ಓದಿದೆ. ನೂರು ರೂಪಾಯಿ ಬಾಂಡ್ ಪೇಪರ್, ಎರಡು ಪುಟ. ಮೊದಲ ಪುಟದ ತುಂಬಾ ಗುಡಿ, ಗೋಪುರ, ಟೈಲ್ಸ್, ನೀರಿನ ಟ್ಯಾಂಕ್. ಎರಡನೇ ಪುಟದ ತಳಕ್ಕೆ ಒಂದು ಸಾಲಿದೆ: ‘ಗ್ರಾಮಸ್ಥರು ಸದರಿ ದಾರಿಯ ಮೇಲಿನ ಎಲ್ಲ ಹಕ್ಕುಗಳನ್ನು ಸ್ವಇಚ್ಛೆಯಿಂದ ಬಿಟ್ಟುಕೊಟ್ಟಿದ್ದು, ಧೂಳು, ಹೊಗೆ ಇತ್ಯಾದಿ ಯಾವುದೇ ವಿಷಯವಾಗಿ ಮುಂದೆ ತಂಟೆ ತಕರಾರು ಮಾಡತಕ್ಕದ್ದಲ್ಲ.’ ಈ ಪತ್ರ ಹುಟ್ಟಿದ್ದೇ ಆ ಸಾಲಿಗಾಗಿ. ಗುಡಿ ಕಟ್ಟಲು ಊರವರ ಸಹಿ ಬೇಕಿಲ್ಲ. ದಾರಿ ನುಂಗಲು ಬೇಕು. ಮತ್ತೆ ಧೂಳಿನ ಮಾತು ಗುಡಿಯ ಪತ್ರದಲ್ಲಿ ಯಾಕೆ ಬಂತು? ಇದನ್ನು ಹಿರಿಯರಿಗೆ ಕೇಳಿ.

ಕಾನೂನಿನ ಪ್ರಕಾರ ಈ ಸಾಲು ನಿಲ್ಲೋದಿಲ್ಲ. ಊರಿನ ದಾರಿ ಐದು ಜನರ ಆಸ್ತಿಯಲ್ಲ, ಅದನ್ನು ಬರೆದುಕೊಡೋಕೆ ಅವರಿಗೆ ಅಧಿಕಾರ ಇಲ್ಲ. ಕೋರ್ಟಿಗೇ ಹೋಗೋದಿಲ್ಲ ಅಂತ ಬರೆಸಿಕೊಂಡ ಕರಾರು 1872ರ ಕರಾರು ಕಾಯ್ದೆಯ 28ನೇ ಕಲಮಿನಂತೆ ಅನೂರ್ಜಿತ. ಹಾಗಂತ ‘ಹೇಗೂ ನಿಲ್ಲಲ್ವಲ್ಲ, ಸಹಿ ಹಾಕಿ ಗುಡಿ ಕಟ್ಟಿಸ್ಕೊಳ್ಳೋಣ’ ಅಂದುಕೊಳ್ಳಬೇಡಿ. ಅನೂರ್ಜಿತ ಅಂತ ಕೋರ್ಟ್ ಹೇಳೋಕೆ ವರ್ಷಗಳೇ ಬೇಕು. ಅಲ್ಲಿಯವರೆಗೆ ಪ್ರತಿ ಕಚೇರಿಯಲ್ಲೂ ‘ಊರವರೇ ಒಪ್ಪಿದ್ದಾರಲ್ಲ’ ಎಂದು ಅದೇ ಕಾಗದ ತೋರಿಸುತ್ತಾರೆ. ಊರು ಎರಡು ಪಾಲಾಗುತ್ತದೆ. ಸಹಿ ಮಾಡಿದ ಹಿರಿಯರು ತಲೆ ತಗ್ಗಿಸಿ ಓಡಾಡುವಂತಾಗುತ್ತದೆ. ಇಂಥ ಊರುಗಳನ್ನು ನಾನು ಬಳ್ಳಾರಿ ಕಡೆ ಕಂಡಿದ್ದೇನೆ.

ಈಗ ದಾರಿಯ ವಿಷಯ. ನಿಮ್ಮ ಕೈಗೆ ಬೇಗ ಸಿಗುವ ನ್ಯಾಯ ಇಲ್ಲೇ ಇದೆ, ಅದಕ್ಕೇ ಸ್ವಲ್ಪ ಜಾಸ್ತಿ ಬರೆಯುತ್ತೇನೆ.

ಕಂಪನಿಯವರು ‘ಈ ಜಾಗ ನಾವು ಖರೀದಿ ಮಾಡಿದ್ದು’ ಅಥವಾ ‘ಕೆಐಎಡಿಬಿ ಕೊಟ್ಟಿದ್ದು’ ಎನ್ನುತ್ತಾರೆ. (ಕೆಐಎಡಿಬಿ ಅಂದರೆ ಕೈಗಾರಿಕೆಗೆ ಜಮೀನು ಒದಗಿಸುವ ಸರ್ಕಾರಿ ಮಂಡಳಿ.) ಅಕ್ಕಪಕ್ಕದ ಹೊಲ ಖರೀದಿ ಆಗಿರಬಹುದು. ನಡುವಿನ ದಾರಿಯೂ ಅದರ ಜೊತೆ ಹೋಯಿತು ಅಂತ ಅಲ್ಲ. ಕರ್ನಾಟಕ ಭೂ ಕಂದಾಯ ಕಾಯ್ದೆ 1964ರ 67ನೇ ಕಲಮಿನಂತೆ ಸಾರ್ವಜನಿಕ ರಸ್ತೆ, ಓಣಿ, ದಾರಿ ಎಲ್ಲ ಸರ್ಕಾರದ್ದು. ಅಂಥ ದಾರಿಯ ಮೇಲಿನ ಜನರ ಹಕ್ಕನ್ನು ತೆಗೆಯಬೇಕಾದರೆ 68ನೇ ಕಲಮಿನಂತೆ ಜಿಲ್ಲಾಧಿಕಾರಿಗಳು ಪ್ರಕಟಣೆ ಹೊರಡಿಸಿ, ಆಕ್ಷೇಪಣೆ ಕರೆದು, ಕೇಳಿ, ಆಮೇಲೆ ತೀರ್ಮಾನ ಮಾಡಬೇಕು. ನಿಮ್ಮೂರಲ್ಲಿ ಅಂಥ ಪ್ರಕಟಣೆ ಯಾರಾದರೂ ಕಂಡಿದ್ದಾರಾ? ಡಂಗುರ ಹೊಡೆದರಾ? ಪಂಚಾಯಿತಿ ಬೋರ್ಡಿಗೆ ಅಂಟಿಸಿದರಾ? ಇಲ್ಲ ಅಂದರೆ ಆ ಗೇಟಿಗೆ ಬಲವಿಲ್ಲ.

ದಾಖಲೆ ಹೀಗೆ ಹುಡುಕಿ. ಭೂಮಾಪನ ಇಲಾಖೆಯಿಂದ ನಿಮ್ಮೂರ ಗ್ರಾಮ ನಕ್ಷೆ ತೆಗೆಸಿ. ಬಂಡಿ ದಾರಿ ಅದರಲ್ಲಿದ್ದರೆ ಅದು ನಕಾಶೆ ದಾರಿ, ಅರ್ಧ ಕೆಲಸ ಮುಗಿಯಿತು. ಆಮೇಲೆ ದಾರಿಯ ಎರಡೂ ಬದಿಯ ಸರ್ವೆ ನಂಬರಿನ ಪಹಣಿ ತೆಗೆಸಿ, ಖರಾಬು ಕಾಲಂ ನೋಡಿ. ‘ಅ’ ಖರಾಬು, ‘ಬ’ ಖರಾಬು ಅಂತ ಎರಡಿರುತ್ತವೆ. ಬಂಡೆ, ಕೊರಕಲು, ಬೆಳೆ ಬಾರದ ನೆಲ ‘ಅ’. ರಸ್ತೆ, ಕಾಲುದಾರಿ, ಹಳ್ಳ, ಹೂಳುವ ಸುಡುವ ಜಾಗ ‘ಬ’. 1966ರ ಭೂ ಕಂದಾಯ ನಿಯಮಗಳಲ್ಲೇ ಇದು ಬರೆದಿದೆ. ಹೊಲ ಎಷ್ಟು ಕೈ ಬದಲಾದರೂ ‘ಬ’ ಖರಾಬು ಖಾಸಗಿ ಆಗೋದಿಲ್ಲ. ನಿಮ್ಮ ಸ್ಮಶಾನವೂ ದಾರಿಯೂ ಅಲ್ಲಿ ಎಷ್ಟು ಗುಂಟೆ ಅಂತ ಕಾಣಿಸಿದ್ದರೆ, ಹದ್ದುಬಸ್ತಿಗೆ, ಅಂದರೆ ಗಡಿ ಗುರುತಿಸಲು, ಅರ್ಜಿ ಹಾಕಿ ಅಳತೆ ಮಾಡಿಸಿ. ಸರ್ವೆಯರ್ ಬಂದ ದಿನ ಕಲ್ಲು ಎಲ್ಲಿ ನೆಟ್ಟರು ಅಂತ ಫೋಟೊ ತೆಗೆಯಿರಿ. ಪಂಚನಾಮೆಗೆ ಓದಿಯೇ ಸಹಿ ಹಾಕಿ. ಊರಿನ ಹುಡುಗರ ಮೊಬೈಲಿನಲ್ಲಿ ದಿಶಾಂಕ್ ಆಪ್ ಇದ್ದರೆ ಗೇಟಿನ ಮುಂದೆ ನಿಂತು ಸರ್ವೆ ನಂಬರ್ ನೋಡಿಕೊಳ್ಳಬಹುದು. ಅದು ಪುರಾವೆ ಆಗೋದಿಲ್ಲ, ಎಲ್ಲಿ ಹುಡುಕಬೇಕು ಅಂತ ತಿಳಿಯುತ್ತದೆ.

ಕೆಐಎಡಿಬಿ ಜಾಗವೇ ಆಗಿದ್ದರೆ 1966ರ ಕರ್ನಾಟಕ ಕೈಗಾರಿಕಾ ಪ್ರದೇಶಗಳ ಅಭಿವೃದ್ಧಿ ಕಾಯ್ದೆಯ 28(1)ರ ಮೊದಲ ಅಧಿಸೂಚನೆ ಮತ್ತು 28(4)ರ ಅಂತಿಮ ಅಧಿಸೂಚನೆಯ ನಕಲು ಕೇಳಿ. ಯಾವ ಸರ್ವೆ ನಂಬರ್, ಎಷ್ಟು ಎಕರೆ, ಎಷ್ಟು ಗುಂಟೆ ಅಂತ ಅಲ್ಲಿ ಇರಲೇಬೇಕು. ದಾರಿಯ ಗುಂಟೆ ಲೆಕ್ಕದಲ್ಲಿ ಇಲ್ಲ ಅಂದರೆ ಅದು ಅವರಿಗೆ ಹೋಗಿಲ್ಲ. ಮಾಹಿತಿ ಹಕ್ಕಿನಲ್ಲಿ ಕೇಳುವಾಗ ಒಂದು ಎಚ್ಚರ. ನಮ್ಮ ರಾಜ್ಯದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದದ ಮಿತಿ. ಊರಿನ ಕಥೆಯೆಲ್ಲ ಬರೆದರೆ ಅದೇ ನೆಪದಲ್ಲಿ ವಾಪಸ್ ಕಳಿಸುತ್ತಾರೆ. ನಕ್ಷೆಗೊಂದು, ಅಧಿಸೂಚನೆಗೊಂದು, ಮಾಲಿನ್ಯ ಮಂಡಳಿಗೊಂದು, ಹೀಗೆ ಬೇರೆ ಬೇರೆ ಹಾಕಿ.

ನಕ್ಷೆ ಕೈಗೆ ಬಂದ ದಿನವೇ ಕೊಪ್ಪಳದ ಉಪವಿಭಾಗಾಧಿಕಾರಿಗಳಿಗೆ, ಅಂದರೆ ಎ.ಸಿ. ಸಾಹೇಬರಿಗೆ, ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 152ನೇ ಕಲಮಿನಡಿ ಅರ್ಜಿ ಕೊಡಿ. ಹಿಂದೆ ಇದು ಸಿಆರ್‌ಪಿಸಿ 133 ಆಗಿತ್ತು. ಸಾರ್ವಜನಿಕ ದಾರಿಗೆ ಅಡ್ಡ ಹಾಕಿದ್ದನ್ನು ತೆಗೆಯಿರಿ, ಇಲ್ಲವೇ ಬಂದು ಕಾರಣ ಹೇಳಿ ಅಂತ ಅವರು ಆದೇಶ ಮಾಡಬಹುದು. ಸಿವಿಲ್ ದಾವೆಗಿಂತ ಇದು ಎಷ್ಟೋ ಬೇಗ. ವಕೀಲರು ಬಹಳ ಜನ ನೇರ ಸಿವಿಲ್ ಕೋರ್ಟಿಗೆ ಕರೆದೊಯ್ಯುತ್ತಾರೆ. ನಾನು ಮೊದಲು ಈ ಬಾಗಿಲು ತಟ್ಟಿ ಅಂತ ಹೇಳುತ್ತೇನೆ.

ಹೆಣ ಹೊತ್ತವರ ಹೆಸರು ಬರೆಸಿದ್ದು ಓದಿ ನನಗೆ ಸಂಕಟವಾಯಿತು. ಹೆಗಲ ಮೇಲೆ ಚಟ್ಟ ಇದ್ದಾಗ ಯಾರಿಗೆ ತಾನೇ ಪೆನ್ನು ಹಿಡಿಯೋಕೆ ಆಗುತ್ತೆ? ಸಂವಿಧಾನದ 21ನೇ ವಿಧಿಯ ಘನತೆ ಸತ್ತವರ ದೇಹಕ್ಕೂ ಉಂಟು ಅಂತ ಸುಪ್ರೀಂ ಕೋರ್ಟ್ ಹೇಳಿದೆ. ಅಂತ್ಯಕ್ರಿಯೆಗೆ ಸೇರಿದವರಿಗೆ ತೊಂದರೆ ಕೊಡುವುದು ಭಾರತೀಯ ನ್ಯಾಯ ಸಂಹಿತೆಯ 301ನೇ ಕಲಮಿನ ವ್ಯಾಪ್ತಿಗೆ ಬರಬಹುದು. ಆದರೆ ಅಲ್ಲಿ ಅವಮಾನ ಮಾಡುವ ಉದ್ದೇಶವಿತ್ತು, ಇಲ್ಲವೇ ಮನಸ್ಸು ನೋಯುತ್ತದೆ ಅಂತ ಗೊತ್ತಿದ್ದೇ ಮಾಡಿದರು ಎಂದು ತೋರಿಸಬೇಕು. ಗೇಟಿನಲ್ಲಿ ನಿಂತ ಸೆಕ್ಯುರಿಟಿ ಹುಡುಗನೂ ಗುತ್ತಿಗೆಯವನೇ, ಪಕ್ಕದ ಊರಿನವನೇ ಇರಬೇಕು. ಅವನ ಮೇಲೆ ಕೇಸು ಮಾಡಿ ಏನೂ ಸಿಗೋದಿಲ್ಲ. ಆ ರಿಜಿಸ್ಟರ್ ಇಡಲು ಹೇಳಿದವರು ಯಾರು, ಯಾವ ಆದೇಶದ ಮೇಲೆ, ಅದನ್ನು ಕಂಪನಿಗೆ ಬರಹದಲ್ಲಿ ಕೇಳಿ. ಸ್ಪೀಡ್ ಪೋಸ್ಟ್‌ನಲ್ಲೇ ಕಳಿಸಿ, ರಸೀದಿ ಇಟ್ಟುಕೊಳ್ಳಿ. ಆ ಪುಟದ ಫೋಟೊ ಸಿಕ್ಕರೆ ಇನ್ನೂ ಒಳ್ಳೆಯದು. ಸ್ಮಶಾನಕ್ಕೆ ಹೋಗುವವರನ್ನು ತಡೆದು ವಿಚಾರಿಸುತ್ತಿದ್ದರು ಅನ್ನೋದಕ್ಕೆ ಕಂಪನಿಯ ಕೈಬರಹದಲ್ಲೇ ಇರುವ ಸಾಕ್ಷಿ ಅದು.

ಇನ್ನು ಗುಡಿ. ‘ಹಳೇ ಗುಡಿ ಸಣ್ಣದು, ತಗಡಿನ ಸೂರು. ಹೊಸದು ಗೋಪುರದ್ದು. ನಷ್ಟ ಏನು?’ ಅಂತ ಊರಲ್ಲೇ ಕೆಲವರು ಕೇಳ್ತಿದ್ದಾರೆ ಎಂದು ಬರೆದಿದ್ದೀರಿ. ದುರಗಮ್ಮ ಊರ ಗಡಿಯಲ್ಲಿ ಕೂತಿದ್ದಾಳೆ ಅಂದರೆ ಅದಕ್ಕೊಂದು ಕಾರಣ ಇರುತ್ತದೆ. ಆ ಬೇವಿನ ಮರ, ಆ ಕಲ್ಲು, ಉಡಿ ತುಂಬೋಕೆ ಹೋಗುವ ಹೆಂಗಸರ ದಾರಿ, ಎಲ್ಲ ಸೇರಿಯೇ ಅದು ಗುಡಿ. ಅದನ್ನು ಎಲ್ಲಿ ಇಡಬೇಕು ಅನ್ನೋದು ನಂಬುವವರ ತೀರ್ಮಾನ, ಕಾಂಪೌಂಡ್ ಕಟ್ಟುವವರದ್ದಲ್ಲ.

ಇದು ನನ್ನೊಬ್ಬಳ ಮಾತಲ್ಲ. ಒಡಿಶಾದ ನಿಯಮಗಿರಿ ಬೆಟ್ಟದಲ್ಲಿ ಬಾಕ್ಸೈಟ್ ತೆಗೆಯಲು ಹೊರಟಾಗ, ಆ ಬೆಟ್ಟವನ್ನೇ ನಿಯಮರಾಜ ಅಂತ ಪೂಜಿಸುವ ಡೊಂಗ್ರಿಯಾ ಕೊಂಧ ಜನ ಎದ್ದು ನಿಂತರು. 2013ರ ಏಪ್ರಿಲ್ 18ರಂದು ಸುಪ್ರೀಂ ಕೋರ್ಟ್, ಅವರ ಧಾರ್ಮಿಕ ಹಕ್ಕಿನ ಪ್ರಶ್ನೆಯನ್ನು ಗ್ರಾಮಸಭೆಗಳೇ ಕೂತು ನೋಡಲಿ ಎಂದಿತು. ಹನ್ನೆರಡು ಗ್ರಾಮಸಭೆಗಳು ನಡೆದವು. ಹನ್ನೆರಡೂ ಬೇಡ ಎಂದವು. ಗಣಿ ಆಗಲಿಲ್ಲ. ಅದೇ ದಿನ, ಅದೇ ಪೀಠ ನಮ್ಮ ಬಳ್ಳಾರಿಯ ಅಕ್ರಮ ಗಣಿಗಳ ಕೇಸಿನಲ್ಲೂ ತೀರ್ಪು ಕೊಟ್ಟು, ಅತಿ ಹೆಚ್ಚು ಅಕ್ರಮ ಮಾಡಿದ ‘ಸಿ’ ವರ್ಗದ ಗುತ್ತಿಗೆಗಳನ್ನು ರದ್ದು ಮಾಡಿತು. ಅದಕ್ಕೆ ಏಳು ವರ್ಷ ಮುಂಚೆ, 2006ರಲ್ಲಿ, ಬಳ್ಳಾರಿ ಗಡಿಯ ಸುಗ್ಗಲಮ್ಮನ ಗುಡಿ ಗಣಿಗಾರಿಕೆಯ ಸ್ಫೋಟಕ್ಕೆ ಸಿಕ್ಕಿ ನೆಲಸಮವಾಗಿತ್ತು. ಆಗ ಸುಗ್ಗಲಮ್ಮನ ಭಕ್ತರನ್ನು ಕೂರಿಸಿ ಕೇಳುವ ಒಂದು ಸಭೆ ನಡೆದಿದ್ದರೆ ಅಂತ ನನಗೆ ಇವತ್ತಿಗೂ ಅನಿಸುತ್ತದೆ.

ನಿಯಮಗಿರಿ ತೀರ್ಪನ್ನು ನಿಮ್ಮ ಕೇಸಿಗೆ ಹಾಗೇ ಹಚ್ಚಲು ಬರೋದಿಲ್ಲ, ಇದನ್ನೂ ಹೇಳಿಬಿಡುತ್ತೇನೆ. ಅಲ್ಲಿ ಕಾಡಿತ್ತು, 2006ರ ಅರಣ್ಯ ಹಕ್ಕು ಕಾಯ್ದೆಯ ಬಲವಿತ್ತು. ನಿಮ್ಮದು ಎರೆ ಹೊಲಗಳ ನಡುವಿನ ಊರು. ಆದರೆ ಗ್ರಾಮಸಭೆ ನಿಮಗೂ ಇದೆ. ಗ್ರಾಮಸಭೆ ಕರೆಸಿ ಠರಾವು ಮಾಡಿಸಿ. ಗುಡಿ ಇದ್ದಲ್ಲೇ ಇರಬೇಕು, ದಾರಿ ಹಗಲೂ ರಾತ್ರಿ ತೆರೆದಿರಬೇಕು, ಸ್ಮಶಾನಕ್ಕೆ ಹೋಗುವವರನ್ನು ಯಾರೂ ಕೇಳಬಾರದು ಅಂತ ಸರಳವಾಗಿ ಬರೆಸಿ. ಅಲಾಯಿ ದೇವರ ದಾರಿಯನ್ನೂ ಅದೇ ಠರಾವಿನಲ್ಲಿ ಸೇರಿಸಿ. ಮೊಹರಂ ನಮ್ಮ ಕಡೆ ಎಲ್ಲರ ಹಬ್ಬ ಅಲ್ವಾ, ಹಬ್ಬಕ್ಕೆ ಮುದಗಲ್ಲಿಗೆ ಹೋದವರಿಗೆ ಅದನ್ನು ಬಿಡಿಸಿ ಹೇಳಬೇಕಿಲ್ಲ. ಗುಡಿಯವರೂ ಅಲಾಯಿಯವರೂ ಒಂದೇ ಅರ್ಜಿಗೆ ಸಹಿ ಮಾಡಿದರೆ, ಒಬ್ಬರನ್ನು ಬಿಟ್ಟು ಇನ್ನೊಬ್ಬರ ಜೊತೆ ಒಳಗಿಂದೊಳಗೆ ಮಾತಾಡಿ ಮುಗಿಸೋಕೆ ಆಗೋದಿಲ್ಲ.

ಇಲ್ಲೊಂದು ಕಷ್ಟದ ಮಾತು ಇದೆ. ಆ ಗುಡಿಯೊಳಗೆ ನಿಮ್ಮೂರ ದಲಿತರು ಹೋಗ್ತಾರಾ? ಸ್ಮಶಾನ ಎಲ್ಲರಿಗೂ ಒಂದೇನಾ? ನಮ್ಮ ಜಿಲ್ಲೆಯಲ್ಲೇ, ಕುಷ್ಟಗಿ ತಾಲ್ಲೂಕಿನ ಮಿಯಾಪುರದಲ್ಲಿ 2021ರಲ್ಲಿ ಎರಡು ವರ್ಷದ ದಲಿತ ಮಗು ಹನುಮಪ್ಪನ ಗುಡಿಯೊಳಗೆ ಓಡಿತು ಅಂತ ಮನೆಯವರಿಗೆ ದಂಡ ಕೇಳಿದರು. ಗಂಗಾವತಿ ತಾಲ್ಲೂಕಿನ ಮರಕುಂಬಿಯಲ್ಲಿ 2014ರಲ್ಲಿ ದಲಿತರ ಗುಡಿಸಲಿಗೆ ಬೆಂಕಿ ಇಟ್ಟ ಕೇಸಿನಲ್ಲಿ, 2024ರ ಅಕ್ಟೋಬರಿನಲ್ಲಿ ಕೊಪ್ಪಳದ ನ್ಯಾಯಾಲಯ 98 ಜನರಿಗೆ ಜೀವಾವಧಿ ಶಿಕ್ಷೆ ಕೊಟ್ಟಿತು. ನಿಮ್ಮ ಅರ್ಜಿಯಲ್ಲಿ ‘ನಮ್ಮ ಗೌರವಕ್ಕೆ ಧಕ್ಕೆ’ ಅಂತ ಬರೆಯುವ ಮುಂಚೆ ಈ ಲೆಕ್ಕ ಸರಿ ಮಾಡಿಕೊಳ್ಳಿ. ಕಾನೂನಿನ ಕಾರಣವೂ ಇದೆ. ಪರಿಶಿಷ್ಟರನ್ನು ದಾರಿ, ಸ್ಮಶಾನ, ಗುಡಿಗಳಿಂದ ತಡೆಯುವುದು ದೌರ್ಜನ್ಯ ತಡೆ ಕಾಯ್ದೆಯಲ್ಲಿ ಅಪರಾಧ, ತಡೆದವರು ಕಂಪನಿಯವರೇ ಆಗಲಿ, ಊರವರೇ ಆಗಲಿ. ಆದರೆ ನಾನು ಹೇಳುತ್ತಿರುವುದು ಕೇಸಿನ ಭಯಕ್ಕಲ್ಲ. ಆ ಗೇಟಿನ ಮುಂದೆ ಹೆಣ ಹೊತ್ತವರಿಗೆ ಆದ ಅವಮಾನವನ್ನು ಊರಿನ ಒಂದು ಕೇರಿ ಗುಡಿಯ ಬಾಗಿಲಲ್ಲಿ ದಿನಾ ಉಣ್ಣುತ್ತಿದ್ದರೆ, ಮೊದಲು ನಿಲ್ಲಬೇಕಾದ್ದು ಅದು. ಎಲ್ಲ ಕೇರಿಯವರನ್ನೂ ಕರೆದು ಕೂರಿಸಿಯೇ ಠರಾವು ಮಾಡಿ.

ಯಾರಾದರೂ ಬಂದು ‘ಇದನ್ನು ಧಾರ್ಮಿಕ ಭಾವನೆಗೆ ಧಕ್ಕೆ ಅಂತ ಕೇಸು ಮಾಡೋಣ, ಬಂದ್ ಮಾಡೋಣ’ ಎಂದರೆ ದೂರ ಇಡಿ. ನ್ಯಾಯ ಸಂಹಿತೆಯ 299ನೇ ಕಲಮಿಗೆ ಬೇಕಂತಲೇ ಧರ್ಮವನ್ನು ಅವಮಾನಿಸಿದ ಉದ್ದೇಶ ತೋರಿಸಬೇಕು. ಕಂಪನಿಯ ಉದ್ದೇಶ ಜಾಗ. ಕೇಸು ಬಿದ್ದುಹೋಗುತ್ತದೆ, ಊರಲ್ಲಿ ಜಗಳ ಉಳಿಯುತ್ತದೆ. ಬೇರೆ ಥರದ ಹೋರಾಟವನ್ನು ನೀವೇ ನೋಡಿದ್ದೀರಿ. 2025ರ ಫೆಬ್ರವರಿ 24ರಂದು ಉಕ್ಕು ಕಾರ್ಖಾನೆ ವಿಸ್ತರಣೆ ಬೇಡ ಅಂತ ಕೊಪ್ಪಳ ಬಂದ್ ಆದಾಗ ಗವಿಮಠದ ಅಭಿನವ ಗವಿಸಿದ್ಧೇಶ್ವರ ಸ್ವಾಮೀಜಿ ಬೀದಿಗಿಳಿದರು. ಅವತ್ತಿನ ಮಾತು ಮಠದ ಆಸ್ತಿಯದ್ದಲ್ಲ, ಜನರ ಉಸಿರಿನದ್ದು.

ಉಸಿರಿನ ಮಾತಿಗೇ ಬರೋಣ. ಸ್ಪಾಂಜ್ ಐರನ್ ಗೂಡಿನಲ್ಲಿ ಅದಿರು ಮತ್ತು ಕಲ್ಲಿದ್ದಲನ್ನು ಒಟ್ಟಿಗೆ ಕಾಯಿಸುತ್ತಾರೆ. ಅದರ ಧೂಳನ್ನು ಇಎಸ್‌ಪಿ ಎಂಬ ಯಂತ್ರ ಕರೆಂಟಿನಿಂದ ಹಿಡಿದಿಟ್ಟುಕೊಳ್ಳಬೇಕು. ಅದು ನಿಂತರೆ, ಅಥವಾ ತುರ್ತಿಗೆಂದು ಇರುವ ಚಿಮಣಿಯ ಮುಚ್ಚಳ ತೆರೆದರೆ, ಧೂಳು ಸೀದಾ ನಿಮ್ಮ ಮಾಳಿಗೆಗೆ. ರಾತ್ರಿ ಜಾಸ್ತಿ ಬರುತ್ತೆ ಎಂದು ಬರೆದಿದ್ದೀರಲ್ಲ, ಅದನ್ನೇ ದಾಖಲೆ ಮಾಡಿ. ದಿನಾ ಒಂದೇ ಜಾಗದಿಂದ, ಒಂದೇ ಹೊತ್ತಿಗೆ, ಚಿಮಣಿ ಕಾಣುವಂತೆ ವಿಡಿಯೊ ತೆಗೆಯಿರಿ. ದಿನಾಂಕ, ಸಮಯ ಪುಸ್ತಕದಲ್ಲಿ ಬರೆದಿಡಿ. ಗುಡಿಯ ಆರತಿ ತಟ್ಟೆಯನ್ನು ರಾತ್ರಿ ತೊಳೆದಿಟ್ಟು ಬೆಳಿಗ್ಗೆ ಬೆರಳಿಂದ ಒರೆಸಿ ಫೋಟೊ ತೆಗೆಯೋದು ಲ್ಯಾಬ್ ವರದಿಗೆ ಸಮ ಅಲ್ಲ, ಆದರೆ ಅಧಿಕಾರಿ ಎದ್ದು ಬರುವಂತೆ ಮಾಡುತ್ತದೆ. ಹತ್ತಿ, ಮೆಣಸಿನ ಗಿಡದ ಎಲೆಯ ಫೋಟೊ ಕೂಡ ಇರಲಿ.

ಇದರ ಜೊತೆಗೆ ಎರಡು ಕಾಗದ ಬೇಕು. ಒಂದು, ಮಾಲಿನ್ಯ ನಿಯಂತ್ರಣ ಮಂಡಳಿ ಕೊಟ್ಟ ಸಮ್ಮತಿ ಪತ್ರ. ಇನ್ನೊಂದು ಪರಿಸರ ಅನುಮತಿ. ಅನುಮತಿಯ ಒಂದು ಪ್ರತಿಯನ್ನು ಪಂಚಾಯಿತಿಗೆ ಕೊಡಬೇಕೆಂಬ ಷರತ್ತು ಸಾಮಾನ್ಯವಾಗಿ ಅದರಲ್ಲೇ ಇರುತ್ತದೆ, ಪಿಡಿಒ ಅವರ ಬೀರುವಿನಲ್ಲಿ ಹುಡುಕಿಸಿ. ಷರತ್ತು ಪಾಲಿಸಿದ್ದೇವೆ ಅಂತ ಕಂಪನಿ ಪ್ರತಿ ವರ್ಷ ಜೂನ್ 1ಕ್ಕೆ, ಡಿಸೆಂಬರ್ 1ಕ್ಕೆ ವರದಿ ಕೊಡಬೇಕು, ಅದು ಸಾರ್ವಜನಿಕ ದಾಖಲೆ. ಅವರ ವರದಿಯಲ್ಲಿ ‘ಇಎಸ್‌ಪಿ ಸದಾ ಚಾಲೂ’ ಅಂತಿದ್ದು ನಿಮ್ಮ ವಿಡಿಯೊದಲ್ಲಿ ಕರಿ ಹೊಗೆ ಇದ್ದರೆ, ಅಲ್ಲಿಂದಲೇ ಕೇಸು ಶುರು. ಪರಿಸರದ ಕೇಸು ನೋಡುವ ಹಸಿರು ನ್ಯಾಯಮಂಡಳಿಯ ದಕ್ಷಿಣ ಪೀಠ ಚೆನ್ನೈನಲ್ಲಿದೆ. ತೊಂದರೆ ಶುರುವಾದ ಆರು ತಿಂಗಳೊಳಗೆ ಅರ್ಜಿ ಹಾಕಬೇಕು, ಪರಿಹಾರ ಕೇಳೋದಾದರೆ ಐದು ವರ್ಷ. ದಾರಿಯ ವಿಷಯವನ್ನು ಅಲ್ಲಿಗೆ ಒಯ್ಯಬೇಡಿ, ಅದು ಅವರ ವ್ಯಾಪ್ತಿಯಲ್ಲಿಲ್ಲ.

ಗುಡಿ, ಟ್ಯಾಂಕು ಎಲ್ಲ ‘ಸಿಎಸ್‌ಆರ್’ ಅಂತ, ಅಂದರೆ ಕಂಪನಿಯ ಸಾಮಾಜಿಕ ಹೊಣೆಗಾರಿಕೆಯ ಖರ್ಚು ಅಂತ, ಕಂಪನಿಯವರು ಹೇಳಿದ್ದಾರೆ. ಕಂಪನಿ ಕಾಯ್ದೆ 2013ರ 135ನೇ ಕಲಮಿನಂತೆ ವರ್ಷಕ್ಕೆ 5 ಕೋಟಿ ನಿವ್ವಳ ಲಾಭವೋ, 1,000 ಕೋಟಿ ವಹಿವಾಟೋ, 500 ಕೋಟಿ ನಿವ್ವಳ ಮೌಲ್ಯವೋ ಇದ್ದ ಕಂಪನಿ, ಹಿಂದಿನ ಮೂರು ವರ್ಷದ ಸರಾಸರಿ ಲಾಭದ ಶೇ. 2ರಷ್ಟು ಖರ್ಚು ಮಾಡಲೇಬೇಕು. ಅಂದರೆ ಅದು ದಾನ ಅಲ್ಲ, ಅದಕ್ಕೆ ಬದಲಾಗಿ ನೀವು ಏನನ್ನೂ ಕೊಡಬೇಕಿಲ್ಲ. ಆ ಕಾಯ್ದೆಯ ಏಳನೇ ಅನುಸೂಚಿಯಲ್ಲಿ ಐತಿಹಾಸಿಕ ಕಟ್ಟಡಗಳ ದುರಸ್ತಿ ಇದೆ, ಪೂಜೆಗೆ ಹೊಸ ಗುಡಿ ಕಟ್ಟಿಸೋದು ಇಲ್ಲ. ಬೇರೆ ಕಾನೂನಿನಂತೆ ಮಾಡಲೇಬೇಕಾದ ಕೆಲಸವನ್ನು ಸಿಎಸ್‌ಆರ್ ಲೆಕ್ಕಕ್ಕೆ ಬರೆಯುವ ಹಾಗೂ ಇಲ್ಲ. ಧೂಳು ತಡೆಯೋದು ಅಂಥದ್ದೇ ಕೆಲಸ. ಮುಂದಿನ ಸಲ ಅವರು ಬಂದಾಗ ಇದನ್ನು ಶಾಂತವಾಗಿ ಹೇಳಿ.

ಕಂಪನಿ ಷೇರುಪೇಟೆಯ ಮೊದಲ ಸಾವಿರ ಕಂಪನಿಗಳಲ್ಲಿ ಇದ್ದರೆ ಷೇರುಪೇಟೆ ನಿಯಂತ್ರಿಸುವ ಸೆಬಿಯ ನಿಯಮದಂತೆ ಪ್ರತಿ ವರ್ಷ ಬಿಆರ್‌ಎಸ್‌ಆರ್ ಎಂಬ ವರದಿ ಕೊಡಬೇಕು. ಊರ ಜನರಿಂದ ಎಷ್ಟು ದೂರು ಬಂತು, ಎಷ್ಟು ಬಗೆಹರಿಯಿತು ಅಂತ ಅದರಲ್ಲಿ ಬರೆಯಬೇಕು. ಬರಹದಲ್ಲಿ ದೂರು ಕೊಡಿ ಅಂತ ನಾನು ಪದೇ ಪದೇ ಹೇಳೋದು ಇದಕ್ಕೇ. ಗೇಟಿನಲ್ಲಿ ಕೂಗಾಡಿದ್ದು ಯಾವ ವರದಿಯಲ್ಲೂ ಬರೋದಿಲ್ಲ.

ಮಾನವ ಹಕ್ಕು ಆಯೋಗಕ್ಕೂ ಬರೆಯಬಹುದು, ಘಟನೆಯಾದ ಒಂದು ವರ್ಷದೊಳಗೆ. ಆದರೆ ಆಯೋಗ ನೋಡೋದು ಸರ್ಕಾರಿ ನೌಕರರ ತಪ್ಪು ಮತ್ತು ನಿರ್ಲಕ್ಷ್ಯವನ್ನು. ಆದ್ದರಿಂದ ಎ.ಸಿ. ಅವರಿಗೆ, ಮಾಲಿನ್ಯ ಮಂಡಳಿಗೆ ಮೊದಲು ಅರ್ಜಿ ಕೊಟ್ಟು, ಅವರು ಸುಮ್ನೆ ಕೂತರೆ ಆ ನಿರ್ಲಕ್ಷ್ಯದ ಮೇಲೆ ಆಯೋಗಕ್ಕೆ ಹೋಗಿ. ಕಂಪನಿಯ ಹೆಸರಷ್ಟೇ ಬರೆದು ಕಳಿಸಿದ ದೂರುಗಳು ಅಲ್ಲೇ ಮುಗಿದುಹೋಗುತ್ತವೆ.

ಹುಡುಗರ ಕೆಲಸದ ಭಯ ಸುಳ್ಳಲ್ಲ. ಗುತ್ತಿಗೆಯವರನ್ನು ನಾಳೆಯಿಂದ ಬರಬೇಡ ಅನ್ನೋಕೆ ಒಂದು ಫೋನ್ ಸಾಕು. ಆದ್ದರಿಂದ ಅಲ್ಲಿ ದುಡಿಯುವವರ ಹೆಸರು ಅರ್ಜಿಯಲ್ಲಿ ಬೇಡ, ವಿಡಿಯೊದಲ್ಲಿ ಅವರ ಮುಖ, ದನಿ ಬೇಡ. ಒಕ್ಕಲುತನ ಮಾಡುವವರು, ಸ್ವಸಹಾಯ ಸಂಘದ ಅಕ್ಕಂದಿರು, ಮನೆಯವರನ್ನು ಆ ಸ್ಮಶಾನದಲ್ಲಿ ಮಣ್ಣು ಮಾಡಿದವರು ಮುಂದೆ ನಿಲ್ಲಲಿ. ಕಾರ್ಖಾನೆ ಮುಚ್ಚಿ ಅಂತ ಯಾರೂ ಕೇಳುತ್ತಿಲ್ಲ ಅನ್ನೋದನ್ನೂ ಠರಾವಿನಲ್ಲೇ ಬರೆಸಿ. ಹುಡುಗರ ತಾಯಂದಿರಿಗೆ ಧೈರ್ಯ ಬರುತ್ತದೆ.

ಖರ್ಚಿನ ಚಿಂತೆ ಬೇಡ. 1987ರ ಕಾನೂನು ಸೇವಾ ಪ್ರಾಧಿಕಾರ ಕಾಯ್ದೆಯ 12ನೇ ಕಲಮಿನಂತೆ ಹೆಂಗಸರಿಗೆ, ಪರಿಶಿಷ್ಟ ಜಾತಿ ಪಂಗಡದವರಿಗೆ, ಕಾರ್ಖಾನೆ ಕಾರ್ಮಿಕರಿಗೆ ಆದಾಯ ಎಷ್ಟೇ ಇದ್ದರೂ ವಕೀಲರು ಉಚಿತ. ಕೊಪ್ಪಳದ ಜಿಲ್ಲಾ ನ್ಯಾಯಾಲಯದಲ್ಲೇ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದ ಕಚೇರಿ ಇದೆ. ಗ್ರಾಮ ನಕ್ಷೆ, ಪಹಣಿ, ಠರಾವಿನ ನಕಲು, ಆ ಬಾಂಡ್ ಪೇಪರಿನ ಫೋಟೊ ಇಷ್ಟನ್ನು ಒಂದು ಫೈಲಿನಲ್ಲಿ ಹಾಕಿಕೊಂಡು ಊರಿನ ಇಬ್ಬರು ಅಕ್ಕಂದಿರು ಹೋಗಲಿ. 152ರ ಅರ್ಜಿ ಬರೆದುಕೊಡಿ ಅಂತ ಕೇಳಲಿ. ಗೇಟು ಬಿದ್ದು ಎರಡು ತಿಂಗಳಾಗಿದೆ, ಈ ವಾರವೇ ಹೋಗಿ.